ನಾಲ್ಕು ಹೆಜ್ಜೆ

ಹಲಗೆ ಜಾರಿತು. ಮೂಟೆ ಒಂದು ಕಡೆ, ನಾನೊಂದು ಕಡೆ,
ನಡುವೆ ಎಲ್ಲೋ ಒಣಕಡ್ಡಿ ಮುರಿದ ಸದ್ದು.
ಹಾಸನದ ಎಪಿಎಂಸಿ ಅಂಗಳ, ಬೆಳಗಿನ ಎಂಟೂವರೆ,
ಆಲೂಗಡ್ಡೆ ಉರುಳುರುಳಿ ಲಾರಿಯಡಿ ಹೋಗಿ ನಿಂತವು.

'ಉಳುಕು ಕಣ್ಲಾ' ಅಂದ ತೂಕದ ಮಲ್ಲೇಶಿ.
'ಎಣ್ಣೆ ಹಾಕಿ ನೀವಿದರೆ ಸಂಜೆಗೆ ಮಾಯ' ಅಂದರು ಯಾರೋ.
ಡ್ರೈವರ್ ಜಬ್ಬಾರ್ ಆಗಲೇ ಹಿಮ್ಮಡಿ ಹಿಡಿದಿದ್ದ:
'ಒಂದೇ ಎಳೆತ, ಲಟಕ್ ಅಂತ ಕೂತ್ಕೊಳ್ಳುತ್ತೆ.'

'ಬಿಡೋ ಕೈಯ!'

ಗಡ್ಡೆ ಆರಿಸುವ ಸಾಲಿಂದ ಎದ್ದು ಬಂದಳು ಹೊನ್ನಾಜಮ್ಮ,
ಬಲಕ್ಕೆ ವಾಲಿ, ವಾಲಿ.
ನನ್ನ ಮುಖ ನೋಡಲಿಲ್ಲ.
ಕೊಳೆತದ್ದನ್ನು ಸಿಪ್ಪೆಯ ಮೇಲಿಂದಲೇ ತಿಳಿಯುವ ಹೆಬ್ಬೆರಳು
ಹರಡಿನ ಗಂಟಿನ ಹಿಂದೆ, ಎಲುಬಿನ ಅಂಚಿಗೇ ಮೆಲ್ಲಗೆ ಒತ್ತಿತು.
ನಾನು ಕೂಗಿದ್ದಕ್ಕೆ ಕಾಗೆಗಳು ಎದ್ದವು.

'ನಾಲ್ಕು ಹೆಜ್ಜೆ ಇಡ್ತೀಯಾ? ನಾಲ್ಕೇ.'
ಮೊದಲನೆಯದರ ಅರ್ಧಕ್ಕೇ ಅಂಗಳ ಕಪ್ಪಾಯಿತು.
'ಮುರಿದಿದೆ. ನೀವೋದು ಬೇಡ, ಎಳೆಯೋದು ಬೇಡ.'

ಚೀಲ ಹೊಲಿಯುವ ಕತ್ತರಿ ತರಿಸಿ
ಅವ್ವ ದೃಷ್ಟಿಗೆ ಕಟ್ಟಿದ್ದ ಕಪ್ಪು ದಾರ ಕತ್ತರಿಸಿದಳು,
'ಊದಿಕೊಂಡ್ರೆ ಇದೇ ಕಾಲು ತಿನ್ನುತ್ತೆ, ಬಯ್ದರೆ ನನ್ನ ಹೆಸರು ಹೇಳು.'
ಟೊಮೆಟೊ ಬಾಕ್ಸಿನ ರಟ್ಟು ಎರಡು ಬದಿ,
ಮಡಿಸಿದ ಗೋಣಿ ನಡುವೆ, ಸುತ್ತಲೂ ಅವಳ ತಲೆವಸ್ತ್ರ,
ಹೇಗೆ ಸೊಟ್ಟಗಿತ್ತೋ ಹಾಗೆಯೇ, ನೆಟ್ಟಗೆ ಮಾಡದೆ.
ಕಬ್ಬಿನ ಹಾಲಿನವನ ಐಸು ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟಳು.
ಹೆಬ್ಬೆರಳ ಉಗುರು ಒತ್ತಿ ಬಿಟ್ಟು ಕಾದಳು:
ಬೆಳ್ಳಗಾದದ್ದು ಮತ್ತೆ ಕೆಂಪಾಯಿತು.
'ರಕ್ತ ಓಡ್ತಿದೆ. ಆಟೋ ಕರೀರಿ. ಟೀ ಕೊಡಬೇಡಿ,
ಆಪರೇಷನ್ ಅಂದ್ರೆ ಖಾಲಿ ಹೊಟ್ಟೆ ಕೇಳ್ತಾರೆ.'

ಜಿಲ್ಲಾಸ್ಪತ್ರೆಯ ಬೆಳಕಿಗೆ ಹಿಡಿದ ಎಕ್ಸ್‌ರೇಯಲ್ಲಿ
ಕೂದಲೆಳೆಯಷ್ಟು ಓರೆ ಗೆರೆ.
'ಕಟ್ಟಿದ್ದು ಯಾರು?' ಅಂದರು ಡಾಕ್ಟರು.
ಗಡ್ಡೆ ಆರಿಸುವವಳು ಅಂದೆ. ನಕ್ಕರು ಅಂದುಕೊಂಡೆ, ನಗಲಿಲ್ಲ.

ಪ್ಲಾಸ್ಟರು ಆರು ವಾರ. ಕೂಲಿ ಇಲ್ಲ.
ದಿಂಬಿನ ಮೇಲೆ ಕಾಲು, ಒಳಗೆ ಇರುವೆ ಹರಿದಂಥ ತುರಿಕೆ.
ಎಂಟು ವರ್ಷ ಒಂದೇ ಅಂಗಳದಲ್ಲಿದ್ದೂ
ಅವಳು ಯಾಕೆ ವಾಲುತ್ತಾಳೆಂದು ನಾನು ಕೇಳಿರಲಿಲ್ಲ.

ಕೋಲೂರಿ ಹೋಗಿ ಕೇಳಿದೆ. ಗಡ್ಡೆಯಿಂದ ಕಣ್ಣೆತ್ತದೆ ಅಂದಳು:
'ನನ್ನದೂ ಉಳುಕೇ ಅಂದಿದ್ರು. ಹದಿನೈದು ದಿನ ನೀವಿದ್ರು.
ಎಣ್ಣೆ ಮಾತ್ರ ಒಳ್ಳೇದಿತ್ತು.'

ಆಮೇಲೆ, 'ಕೋಲು ಅಲ್ಲಿಡು' ಅಂದಳು.
ನಾನು ನಡೆದೆ.
ಎಣಿಸುತ್ತಿದ್ದಳೋ ಏನೋ,
ಅವಳ ಕೈ ಒಂದು ಗಡ್ಡೆಯನ್ನು ಒತ್ತಿ ನೋಡುತ್ತಲೇ ಇತ್ತು,
ಬುಟ್ಟಿಗೂ ಹಾಕದೆ, ಹೊರಗೂ ಎಸೆಯದೆ.