ಆರು ಜಾಡಿ

ಕೊಡಗಿನಲ್ಲಿ ಎಂಟು ದಿನದಿಂದ ಮಳೆ ಬಿಟ್ಟಿಲ್ಲ.
ಬೆಳಗೊಳದ ಪಂಪ್‌ಹೌಸಿಗೆ ಹೊಳೆ ಬಂದಿದೆ
ರಾಗಿ ಅಂಬಲಿಯ ಬಣ್ಣದಲ್ಲಿ.
ಚೀಲಗಟ್ಟಲೆ ಪಟಿಕ ಸುರಿದರೂ
ಮಣ್ಣು ಮಣ್ಣಿನ ಕೈ ಹಿಡಿಯುತ್ತಿಲ್ಲ.
ಕಬ್ಬಿಣ ಹಾಕಿ ನೋಡಿ, ಎಂದಿದ್ದಾರೆ ಮೇಲಿನವರು.
ಯಾವ ಕಬ್ಬಿಣ ಎಂದು ಹೇಳಿಲ್ಲ.

ಮೇಜಿನ ಮೇಲೆ ಆರು ಜಾಡಿ.
ಎರಡಕ್ಕೆ ಪಟಿಕ, ಹಳೆಯ ನಂಟು ಬಿಡಬಾರದೆಂದು.
ಎರಡಕ್ಕೆ ಫೆರಿಕ್ ಕ್ಲೋರೈಡು. ಉಳಿದೆರಡಕ್ಕೆ ಸಲ್ಫೇಟು.
ಒಂದು ನಿಮಿಷ ಬಿರುಸು,
ಆಮೇಲೆ ಇಪ್ಪತ್ತು ನಿಮಿಷ
ನಿದ್ದೆ ಹತ್ತಿದ ಮಗುವಿನ ತೊಟ್ಟಿಲು ತೂಗಿದಷ್ಟೇ.

ಜವರಯ್ಯ ಮಂಡಿಗೆ ಕೈ ಕೊಟ್ಟು ಬಗ್ಗುತ್ತಾನೆ.
ಪಂಪಿಗೆ ಸೇರುವ ಮೊದಲು
ಆಲೆಮನೆಯಲ್ಲಿ ಕೊಪ್ಪರಿಗೆ ಕಾದವನು.
"ಬೆಂಡೆ ಲೋಳೆ ಬಿಟ್ಟಂಗೇ ಕಣವ್ವ.
ಜಾಸ್ತಿ ಬಿದ್ರೆ ಬೆಲ್ಲ ಕೆಡ್ತದೆ,
ಕಮ್ಮಿ ಆದ್ರೆ ಮಡ್ಡಿ ಬಿಡಾಕಿಲ್ಲ.
ಅಲ್ಲಿ ಮಡ್ಡಿ ಮೇಲ್ಕೆ ಬತ್ತದೆ,
ಇಲ್ಲಿ ತಳ ಸೇರ್ಬೇಕು, ಅಷ್ಟೇಯ."
ನನ್ನ ಪುಸ್ತಕದಲ್ಲಿ ಇದಕ್ಕೆ ನಾಲ್ಕು ಪುಟ, ಒಂದು ನಕ್ಷೆ.

ಮೊದಲು ಹೂ ಕಟ್ಟಿದ್ದು ಮೂರನೆಯ ಜಾಡಿ, ಕ್ಲೋರೈಡು.
ತುಕ್ಕಿನ ಬಣ್ಣದ ಹೂ, ತೂಕದ ಹೂ,
ದೀಪದ ಬುಡಕ್ಕೆ ಮಳೆಹುಳದ ರೆಕ್ಕೆ ಉದುರುವಂತೆ
ಉದುರಿತು.
ಇದೇ ಸರಿ ಎಂದು ಪೆನ್ನು ತೆರೆದೆ.
ಜವರಯ್ಯ ಏನೂ ಅನ್ನಲಿಲ್ಲ, ಮೂಲೆಯ ಕ್ಯಾನಿನತ್ತ ಗಲ್ಲ ಎತ್ತಿದ.
ಅದು ತೊಟ್ಟಿಕ್ಕುವ ಜಾಗದಲ್ಲಿ
ಮೊನ್ನೆ ಮರೆತ ಸ್ಪ್ಯಾನರು
ಹಲ್ಲುದುರಿದ ಬಾಯಿ ತೆರೆದು ಮಲಗಿತ್ತು.
"ನಮ್ ವಾಲ್ವುಗೋಳು ನನ್ ವಯಸ್ಸಿನವು," ಎಂದ ಆಮೇಲೆ.

ಕಲಕು ಅಳೆಯುವ ಮೀಟರು ರಿಪೇರಿಗೆ ಹೋಗಿ ಎರಡು ತಿಂಗಳು.
ಬ್ಯಾಗಿನಿಂದ ಬೆಳಗಿನ ಬಸ್ ಟಿಕೆಟ್ ತೆಗೆದು
ಒಂದೊಂದೇ ಜಾಡಿಯ ಹಿಂದೆ ಹಿಡಿದೆ.
ಮಹಿಳೆ, ಒಂದು. ದರ, ಸೊನ್ನೆ.
ಪಟಿಕದ ಜಾಡಿಯಲ್ಲಿ ಸೊನ್ನೆಯೇ ಇಲ್ಲ.
ಮೂರರಲ್ಲಿ ಇದೆ.
ನಾಲ್ಕರಲ್ಲಿ ಅದು ಎಂಟಾಗಿದೆ, ಮದ್ದು ಹೆಚ್ಚಾಗಿ.
ಐದರಲ್ಲಿ, ಹತ್ತು ನಿಮಿಷ ತಡವಾಗಿ,
ಸೊನ್ನೆ ಸೊನ್ನೆಯಾಗಿಯೇ ಬಂತು.
ಆರು ಇನ್ನೂ ಯೋಚಿಸುತ್ತಿತ್ತು.

ಐದು ಎಂದು ಬರೆದೆ. ಸಲ್ಫೇಟು.
ದುಬಾರಿ, ನಿಧಾನ; ಜೊತೆಗೆ ಸ್ವಲ್ಪ ಸುಣ್ಣ ಬೇಕು.
ಕಾರಣ ಎಂಬ ಕಾಲಮ್ಮಿನಲ್ಲಿ
'ಸ್ಪ್ಯಾನರ್' ಎಂದು ಬರೆದು, ಹೊಡೆದು ಹಾಕಿ,
'ಕೊಳವೆ ಸವೆತದ ದೃಷ್ಟಿಯಿಂದ' ಎಂದು ತಿದ್ದಿದೆ.

ಸಂಜೆಯ ಬಸ್ಸಿನಲ್ಲಿ ಇನ್ನೊಂದು ಸೊನ್ನೆ ಹರಿದು ಕೊಡುತ್ತಾ
ಕಂಡಕ್ಟರ್ ನನ್ನ ತೋರುಬೆರಳು ನೋಡಿದ.
ಸೋಪಿಗೆ ಬಗ್ಗದ ಕೆಂಚು ಕಲೆ.
"ಗೋರಂಟಿನಾ ಮೇಡಂ? ಒಂದೇ ಬೆರಳಿಗೆ?"
ಹೂಂ, ಎಂದೆ.