ಎರ್ಮೆಲಿಂದಾ ಟೀಚರ್ ಕೊಟ್ಟ ಕಟ್ಟು

ಇಪ್ಪತ್ತಾರು ಎಳೆಗೊರಳು. ಗಂಡುದನಿ ಒಂದೂ ಇಲ್ಲ.
ಕೆಳಗಿನಿಂದ ಆನಿಸಿ ಹಿಡಿಯಲು ನನ್ನ ಹಾರ್ಮೋನಿಯಂ,
ವಾಸ್ಕೋದ ಉಪ್ಪುಗಾಳಿಗೆ ಅದರ ಮಂದ್ರ ಪಂಚಮದ ಮನೆ ಮೂಕ.

ಕಟ್ಟು ಬಿಚ್ಚಿದೆ. ಮೊದಲನೆಯದು ಹಿಮದ ಹಾಡು,
ತೆಗೆದಿಟ್ಟೆ.
ಇನ್ನೊಂದು ಚೆಂದ, ಆದರೆ ತುದಿಸ್ವರ
ಏಣಿಯಿಲ್ಲದ ಅಟ್ಟ; ಹತ್ತಹೋದವರು ಕಿರುಚುತ್ತಾರೆ.
ಮತ್ತೊಂದರ ತುಂಬ ಮೊಲ, ಚಿಟ್ಟೆ, ಅಮ್ಮನ ಮುದ್ದು.
ಇದೇ ಶಾಂತವ್ವ ನಿನ್ನೆ ಬಂದರಿನ ಕ್ರೇನಿಗೆ
ಪ್ರಾಸವಿಟ್ಟು ಬೈದದ್ದು ನಾನೇ ಕೇಳಿದ್ದೇನೆ.
ದನಿ ಸಣ್ಣದಾದರೆ ಮಾತೂ ಸಣ್ಣದಿರಬೇಕೆ?

ತಳದಲ್ಲಿ ಕೊಂಕಣಿಯದೊಂದು ಸಿಕ್ಕಿತು, ದೋಣಿ ಕಾಯುವವಳದು.
ಎರಡೇ ಎಳೆ. ಉಸಿರಿಗೆ ಜಾಗ ಬಿಟ್ಟು ಬರೆದವರು ಯಾರೋ,
ಮಕ್ಕಳನ್ನು ಕಂಡವರು.

ಪರಸಪ್ಪ ಬಾಗಿಲಾಚೆಯೇ ನಿಂತಿದ್ದ.
ಹೋದ ವಾರ ಅವನ ದನಿ ಒಡೆದಿದೆ.
‘ನನ್ ಹೆಸರು ತೆಗೀರಿ ಬಾಯಾರ’ ಅಂದ,
ಬಾಯಾರ ಅನ್ನುವಲ್ಲಿ ಮತ್ತೆ ಒಡೆಯಿತು.

ಒಳಗೆ ಬಾರೋ. ಮಂದ್ರ ಪಂಚಮ ಒಂದೇ,
ಹಾಡು ಮುಗಿಯೋ ತನಕ ಹಿಡಿ, ಅಂದೆ.

ಹಿಡಿದ, ಕೂದಲೆಳೆ ಕೆಳಗೆ.
ಅವರು ಹಾಡುವಷ್ಟು ಹೊತ್ತೂ
ನನ್ನ ಬೆರಳು ಆ ಮೂಕ ಮನೆಯನ್ನು
ಅಭ್ಯಾಸಬಲದಿಂದ ಒತ್ತುತ್ತಲೇ ಇತ್ತು.