ಭದ್ರಾವತಿ ೯

ಸ್ಟೇಡಿಯಮ್ಮಿನ ಗೇಟಿನೆದುರು ಒಂದು ಮೈಲಿಗಲ್ಲು.
ಹಳದಿ ತಲೆ, ಬಿಳಿ ಮೈ, ಕರಿ ಅಕ್ಷರ:
ಭದ್ರಾವತಿ ೯.
ನಮ್ಮ ಸೆಂಟರ್ ಫಾರ್ವರ್ಡ್ ಜಬೀವುಲ್ಲಾನ ಬೆನ್ನ ಮೇಲೂ
ಅದೇ ಬರಹ, ಅದೇ ಅಂಕಿ.
ಇಬ್ಬರೂ ಊರಿನಿಂದ ಅಷ್ಟೇ ದೂರ ನಿಂತಿದ್ದಾರೆ.

ಇವತ್ತು ತವರು ಪಂದ್ಯ,
ಹಾಗಂತ ಟಿಕೇಟಿನ ಮೇಲಿದೆ.
ಚಿಕ್ಕಮ್ಮ ಪುಷ್ಪರಾಣಿ ಕಿಟಕಿ ಸೀಟಿನಲ್ಲಿ ಕೂತು ನಕ್ಕಳು:
"ಮಗಳು ಬಸ್ಸು ಹತ್ತಿ ತವರಿಗೆ ಹೋಗೋದು ಕಂಡಿದೀನಿ.
ತವರೇ ಬಸ್ಸು ಹತ್ತಿ ಹೋಗಿದ್ದು ಇದೇ ಮೊದಲು."

ಹಳೇ ಮೈದಾನಕ್ಕೆ ಗೇಟೇ ಇರಲಿಲ್ಲ.
ಕ್ವಾರ್ಟರ್ಸಿನ ಏಳನೇ ಸಾಲು ಮುಗಿದಲ್ಲಿ ಚರಂಡಿ,
ಚರಂಡಿ ಹಾರಿದರೆ ಕಾರ್ನರ್.
ಎರಡರ ಸೈರನ್ನಿಗೆ ಪಾಳಿ ಬಿಟ್ಟವರು
ಉಂಡು, ಒಂದು ನಿದ್ದೆ ತೆಗೆದು,
ನಾಲ್ಕಕ್ಕೆ ಬೂಟಿನ ದಾರ ಕಟ್ಟುತ್ತಿದ್ದರು.
ಆಚೆ ಹಾರಿದ ಚೆಂಡು
ಯಾರದೋ ಹಂಡೆಗೆ ಢಣ್ಣೆಂದು ಬಡಿದು,
ಯಾರದೋ ಸಂಡಿಗೆಯ ಮೇಲೆ ಉರುಳಿ
ಬೈಗುಳದ ಸಮೇತ ವಾಪಸು ಬರುತ್ತಿತ್ತು.
ಇಲ್ಲಿ ಆಚೆ ಹಾರಿದರೆ ಮೆಕ್ಕೆಜೋಳದ ಹೊಲ.
ಜೋಳ ಬೈಯುವುದಿಲ್ಲ.
ಚೆಂಡನ್ನೂ ಕೊಡುವುದಿಲ್ಲ.

ಗೆರೆ ಎಳೆಯುವ ಸೆಲ್ವಮಣಿಗೆ ಈಗ ಅರವತ್ತೆಂಟು.
ಸುಣ್ಣದ ಪುಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬರುತ್ತಾನೆ.
ಕಂಡಕ್ಟರು ಲಗೇಜಿನ ದುಡ್ಡು ಕೇಳಿದ.
"ಲಗೇಜಲ್ಲಪ್ಪ ಇದು, ಊರಿನ ಗಡಿ."
ಕಂಡಕ್ಟರು ಡಬ್ಬಿ ನೋಡಿದ, ಮುದುಕನನ್ನು ನೋಡಿದ,
ಐದು ರೂಪಾಯಿ ತಗೊಂಡ.

ಸೆಲ್ವಮಣಿಯ ಹೆಂಡತಿ ಮರಗದ
ಮೈದಾನಕ್ಕೆ ಒಮ್ಮೆಯೂ ಕಾಲಿಟ್ಟವಳಲ್ಲ.
ಒಲೆಯ ಮುಂದೆ ಕೂತೇ ಇಪ್ಪತ್ತಾರು ಸೀಸನ್ನು ಕಂಡವಳು.
ಕೂಗು ಉದ್ದವಾದರೆ ಗೋಲು.
ಎದ್ದ ಕೂಗು ನಡುವೆ ಮುರಿದರೆ, ಕಂಬಕ್ಕೆ ಬಡಿಯಿತು.
ಬರೀ ಶಿಳ್ಳೆಯಾದರೆ ರೆಫರಿಯ ಗ್ರಹಚಾರ.
ಸಾರು ಕುದಿ ಬರುವಷ್ಟರಲ್ಲಿ ಅವಳ ಲೆಕ್ಕ ಮುಗಿದು,
ಮನೆಗೆ ಬಂದ ಗಂಡನಿಗೆ ಅವಳೇ ಸ್ಕೋರು ಹೇಳಿ
ತಟ್ಟೆ ಹಾಕುತ್ತಿದ್ದಳು.
ಈಗ ಭಾನುವಾರ ಸಂಜೆ
ಕುಕ್ಕರಿನ ಶಿಳ್ಳೆಯೊಂದೇ.

ಆರೂ ಹತ್ತಕ್ಕೆ ಕೊನೆಯ ಲೋಕಲ್ಲು.
ಆಮೇಲಿನವೆಲ್ಲ ಎಕ್ಸ್‌ಪ್ರೆಸ್ಸು, ಈ ಕಲ್ಲಿಗೆ ನಿಲ್ಲುವುದಿಲ್ಲ.
ಎಂಬತ್ತೆರಡನೇ ನಿಮಿಷ, ಒಂದು–ಒಂದು,
ಹೈವೇಯಲ್ಲಿ ಹಾರ್ನು.
ಗ್ಯಾಲರಿಗೆ ಗ್ಯಾಲರಿಯೇ ಎದ್ದಿತು.
ಹುಡುಗರು ತಿರುಗಿ ನೋಡಿದರು:
ಅವರ ಊರು ಅವರ ಕಣ್ಣೆದುರೇ
ಬಗ್ಗಿ ಚಪ್ಪಲಿ ಹುಡುಕುತ್ತಿತ್ತು.
ಜಬೀವುಲ್ಲಾ ಚೆಂಡಿನ ಮೇಲೆ ಕಾಲಿಟ್ಟು
ಒಂದು ಗಳಿಗೆ ಸುಮ್ಮನೆ ನಿಂತ.
ಅವನು ಹೋಗಬೇಕಾದ್ದೂ ಅದೇ ಬಸ್ಸಿಗೆ.

ಬಸ್ಸು ಹಾಲಿನ ಡೈರಿ ದಾಟಿರಲಿಲ್ಲ,
ಹಿಂದಿನಿಂದ ಏನೋ ಕೂಗು.
"ಇಂಜಿನ್ ಆಫ್ ಮಾಡಪ್ಪಾ!" ಎಂದ ಸೆಲ್ವಮಣಿ.
ಡ್ರೈವರು, ಪುಣ್ಯಾತ್ಮ, ಮಾಡಿದ.
ಐವತ್ತು ಜನ ಉಸಿರು ಹಿಡಿದು ಕೂತೆವು.
ಉದ್ದವೋ, ಮುರಿದದ್ದೋ?
ಬರೀ ಜೋಳದ ಗರಿಯ ಸದ್ದು,
ಹಿಂದಿನ ಲಾರಿಯವನ ಬೈಗುಳ.

ಡಬ್ಬಿಯ ತಳ ತೂತಾಗಿತ್ತು.
ಸೀಟಿನಿಂದ ಬಾಗಿಲ ತನಕ ಬಸ್ಸಿನ ನೆಲದಲ್ಲಿ
ಸೊಟ್ಟ ಬಿಳಿ ಗೆರೆ.
ಇಳಿಯುವವರೆಲ್ಲ, ಯಾಕೋ, ಅದನ್ನು ತುಳಿಯದೆ ಇಳಿದರು.

"ಎಷ್ಟು?" ಎಂದಳು ಮರಗದ.
"ಗೊತ್ತಿಲ್ಲ."
ಇಪ್ಪತ್ತಾರು ವರ್ಷದಲ್ಲಿ ಆ ಮನೆಯಲ್ಲಿ
ಯಾರೂ ಆಡದ ಮಾತು. ಬಡಿಸಿದಳು. ಉಂಡರು.

ರಾತ್ರಿ ಹತ್ತೂಕಾಲಿಗೆ ಹಾಲಿನ ವ್ಯಾನೊಂದು
ಏಳನೇ ಸಾಲಿನ ತಿರುವಿನಲ್ಲಿ ನಿಂತು ಹೋಯಿತು.
ಬೂಟು ಹೆಗಲಿಗೆ ನೇತುಹಾಕಿ ಇಳಿದವನು
ಹಳೇ ಮೈದಾನವನ್ನು ಅಡ್ಡಕ್ಕೆ ಹಾದು ಬಂದ,
ಚರಂಡಿ ಹಾರಿದ, ಅವರ ಬಾಗಿಲು ದಾಟಿದ.
ಮರಗದ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು
ಹೆಜ್ಜೆ ಎಣಿಸಿದಳು.
ಓಡುತ್ತಿಲ್ಲ. ಕಾಲೆಳೆಯುತ್ತಲೂ ಇಲ್ಲ.
"ಡ್ರಾ," ಎಂದು ಗಂಡನ ಬೆನ್ನಿಗೆ ಹೇಳಿ
ಮಗ್ಗುಲು ಬದಲಿಸಿದಳು.